ಧಾರವಾಡದ ಮನೆಗೆ ಹೀಟ್ ಪಂಪ್ ತಗೋಬೇಕಾ, ಇದ್ದ ಸೋಲಾರನ್ನೇ ರಿಪೇರಿ ಮಾಡಿಸಬೇಕಾ?

ಕೆಲಗೇರಿ_ಕಡೆಯವ

ಎಲ್ಲರಿಗೂ ನಮಸ್ಕಾರ. ಮನೆ ಧಾರವಾಡದಲ್ಲಿ, ಕೆಲಗೇರಿ ಕಡೆ. ಒಟ್ಟು ಏಳು ಜನ. ಅಪ್ಪ, ಅವ್ವ ಇಬ್ಬರಿಗೂ ಬಿಸಿನೀರು ಇಲ್ಲದಿದ್ದರೆ ನಡೆಯುವುದಿಲ್ಲ. ತಾರಸಿ ಮೇಲೆ 200 ಲೀಟರಿನ ಸೋಲಾರ್ ಇದೆ, ಗಾಜಿನ ಕೊಳವೆಯದು. ಮಂಗ್ಯಾಗಳು ಮತ್ತೆ ಕೊಳವೆ ಒಡೆದಿವೆ. ಅದು ಹೋಗಲಿ, ನಿಜವಾದ ತಲೆನೋವು ಮಳೆಗಾಲದ್ದು. ಜೂನ್ ಮಧ್ಯದಿಂದ ಸೆಪ್ಟೆಂಬರ್ ತನಕ ನಮ್ಮ ಊರಲ್ಲಿ ಬಿಸಿಲು ಬೀಳುವುದೇ ಅಪರೂಪ. ಆಗ ಟ್ಯಾಂಕಿನ ಒಳಗಿನ ಕಾಯಿಲ್ ಹಾಕುತ್ತೇವೆ, ಬಿಲ್ಲು ಏರುತ್ತದೆ.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಹೀಟ್ ಪಂಪ್ ತೋರಿಸಿದರು. "ಸಿಒಪಿ ನಾಲ್ಕೂವರೆ ಇದೆ ಸರ್, ಬಿಲ್ಲು ಕಾಲು ಭಾಗಕ್ಕೆ ಇಳಿಯುತ್ತದೆ" ಅಂದರು. ಬೆಲೆ ಲಕ್ಷದ ಹತ್ತಿರ. ಯಾರಾದರೂ ಹಾಕಿಸಿದವರು ಇದ್ದೀರಾ? ಇದು ನಮ್ಮ ಹವೆಗೆ ಹೊಂದುತ್ತದಾ?

ಗೋಕುಲರೋಡ್_ಎಸಿ

ಹವೆಗೆ ಚೆನ್ನಾಗಿಯೇ ಹೊಂದುತ್ತದೆ. ಹೀಟ್ ಪಂಪ್ ಕರೆಂಟಿನಿಂದ ನೇರವಾಗಿ ನೀರು ಕಾಯಿಸುವುದಿಲ್ಲ. ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಮಷಿನ್ನಿನ ಕೊಳವೆಯೊಳಗೆ ಸುತ್ತುವ ಗ್ಯಾಸ್ ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಗ್ಯಾಸನ್ನು ಒತ್ತಿ ಇನ್ನೂ ಬಿಸಿ ಮಾಡುತ್ತದೆ. ಆ ಬಿಸಿ ನೀರಿಗೆ ಇಳಿಯುತ್ತದೆ. ಫ್ರಿಜ್ಜಿನ ಹಿಂದೆ ಕೈ ಇಟ್ಟರೆ ಬೆಚ್ಚಗಿರುತ್ತದಲ್ಲ, ಅದೇ ಕೆಲಸ. ಕರೆಂಟು ಬೇಕಾಗುವುದು ಕಂಪ್ರೆಸರಿಗೆ, ಫ್ಯಾನಿಗೆ ಅಷ್ಟೇ. ಅದಕ್ಕೇ ಒಂದು ಯೂನಿಟ್ ಕೊಟ್ಟರೆ ಮೂರು ಯೂನಿಟ್ಟಿನಷ್ಟು ಬಿಸಿ ಸಿಗುತ್ತದೆ. ಆ ಮೂರನ್ನೇ ಸಿಒಪಿ ಅನ್ನುವುದು.

ಇದಕ್ಕೆ ಬಿಸಿಲು ಬೇಡ. ಗಾಳಿ ಬೆಚ್ಚಗಿದ್ದರೆ ಸಾಕು. ಧಾರವಾಡದ ಮಳೆಗಾಲದಲ್ಲೂ ಗಾಳಿ 20ರಿಂದ 25 ಡಿಗ್ರಿ ಇರುತ್ತದೆ. ಜೊತೆಗೆ ತೇವ ಜಾಸ್ತಿ. ಆ ತೇವ ಹೀಟ್ ಪಂಪಿನ ತಣ್ಣನೆ ಕಾಯಿಲಿನ ಮೇಲೆ ನೀರಾಗುವಾಗ ಇನ್ನಷ್ಟು ಬಿಸಿ ಬಿಟ್ಟುಕೊಡುತ್ತದೆ. ಸೋಲಾರ್ ಕೈಕೊಡುವ ತಿಂಗಳಲ್ಲಿ ಇದು ಆರಾಮಾಗಿ ಓಡುತ್ತದೆ.

ಹಳೇಹುಬ್ಬಳ್ಳಿ_ಅಜ್ಜ

ನಮ್ಮ ಬಚ್ಚಲಲ್ಲಿ ಇನ್ನೂ ತಾಮ್ರದ ಹಂಡೆ ಇದೆ. ಕುಳ್ಳು, ಕಟ್ಟಿಗೆ. ಸಿಒಪಿ ಎಷ್ಟು ಅಂತ ಕೇಳಬೇಡಿ. :)

ಫಿಸಿಕ್ಸ್_ಮಾಸ್ತರ

ಮೊದಲು ನಿಮ್ಮ ಮನೆಗೆ ದಿನಕ್ಕೆ ಎಷ್ಟು ಬಿಸಿನೀರು ಬೇಕು ಅನ್ನುವುದನ್ನು ಲೆಕ್ಕ ಹಾಕೋಣ. ಅದು ಬಿಟ್ಟು ಸಿಒಪಿ ಮಾತಾಡಿದರೆ ಅಂಗಡಿಯವನೇ ಗೆಲ್ಲುತ್ತಾನೆ.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 4.186 ಕಿಲೋಜೂಲ್ ಬೇಕು. ಒಂದು ಯೂನಿಟ್ ಕರೆಂಟು ಅಂದರೆ 3,600 ಕಿಲೋಜೂಲ್. ಅಂದರೆ ಒಂದು ಯೂನಿಟ್ಟು ಸುಮಾರು 43 ಲೀಟರ್ ನೀರನ್ನು 20 ಡಿಗ್ರಿ ಏರಿಸುತ್ತದೆ. ನಮ್ಮ ಕಡೆ ಬಹಳ ಜನ ಬಕೆಟ್ಟಿನಲ್ಲೇ ಸ್ನಾನ ಮಾಡುತ್ತಾರೆ. ಒಬ್ಬರಿಗೆ ಬೆರೆಸಿದ ನೀರು 30 ಲೀಟರ್ ಹಿಡಿಯೋಣ. ನಳದ ನೀರು 22 ಡಿಗ್ರಿ, ಸ್ನಾನಕ್ಕೆ 42. ಏಳು ಜನಕ್ಕೆ 210 ಲೀಟರ್. ಹೆಚ್ಚುಕಡಿಮೆ 5 ಯೂನಿಟ್ಟಿನಷ್ಟು ಬಿಸಿ ಬೇಕು. ಟ್ಯಾಂಕು ಸುಮ್ನೆ ನಿಂತಾಗ ಆರುವ ಬಿಸಿಯೂ ಸೇರಿದರೆ ಗೀಸರಿನಲ್ಲಿ ದಿನಕ್ಕೆ 5.5 ಯೂನಿಟ್. ತಿಂಗಳಿಗೆ 165.

ಹೀಟ್ ಪಂಪಿನಲ್ಲಿ ಸಿಒಪಿ ನಾಲ್ಕೂವರೆ ಬೇಡ, ಮೂರು ಅಂತಲೇ ಹಿಡಿಯಿರಿ. ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಉಳಿಯುವುದು 105 ಯೂನಿಟ್. 2025–26ರ ಮನೆ ದರ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ. ಸರ್ಚಾರ್ಜು, ತೆರಿಗೆ ಸೇರಿದರೆ ಏಳು ರೂಪಾಯಿ ಒಳಗೆ. ತಿಂಗಳಿಗೆ ಸುಮಾರು 700 ರೂಪಾಯಿ ಉಳಿತಾಯ. ವರ್ಷಕ್ಕೆ ಎಂಟು ಸಾವಿರದ ಚಿಲ್ಲರೆ. ಅದೂ ನೀವು ವರ್ಷವಿಡೀ ಗೀಸರಿನಲ್ಲೇ ಕಾಯಿಸುತ್ತಿದ್ದರೆ. ನಿಮಗೆ ಸೋಲಾರ್ ಇದೆ. ಎಂಟು ತಿಂಗಳು ಅದು ಪುಕ್ಕಟೆ ಕೊಡುತ್ತಿದೆ.

ಕೆಲಗೇರಿ_ಕಡೆಯವ

ಮಾಸ್ತರ, ಧನ್ಯವಾದ. ಹಾಗಾದರೆ ನಾಲ್ಕೂವರೆ ಅನ್ನುವುದು ಸುಳ್ಳಾ?

ಫಿಸಿಕ್ಸ್_ಮಾಸ್ತರ

ಸುಳ್ಳಲ್ಲ, ಅರ್ಧ ಮಾತು. ಹೊರಗಿನ ಗಾಳಿ ಎಷ್ಟು ಡಿಗ್ರಿ ಇದ್ದಾಗ, ನೀರನ್ನು ಎಷ್ಟರಿಂದ ಎಷ್ಟಕ್ಕೆ ಏರಿಸಿದಾಗ ಆ ಅಂಕಿ ಬಂತು ಅಂತ ಕೇಳಿ. ಗಾಳಿಗೂ ನೀರಿಗೂ ನಡುವಿನ ಅಂತರ ಜಾಸ್ತಿಯಾದಷ್ಟು ಸಿಒಪಿ ಇಳಿಯುತ್ತದೆ. ಮಧ್ಯಾಹ್ನ 30 ಡಿಗ್ರಿ ಗಾಳಿಯಲ್ಲಿ ನೀರನ್ನು 45ಕ್ಕೆ ಏರಿಸಿದರೆ ಅಂಕಿ ಭರ್ಜರಿಯಾಗಿ ಬರುತ್ತದೆ. ಜನವರಿಯ ಬೆಳಗಿನ ಜಾವ 15 ಡಿಗ್ರಿಯಲ್ಲಿ 60ಕ್ಕೆ ಏರಿಸಿ ಅನ್ನಿ, ಅದೇ ಮಷಿನ್ನು ಮೂರರ ಕೆಳಗೆ ಇಳಿಯಬಹುದು. ಯುರೋಪಿನಲ್ಲಿ ಇದಕ್ಕೆ ಇಎನ್ 16147 ಅನ್ನುವ ಪರೀಕ್ಷೆ ಇದೆ. ಅದರಲ್ಲಿ ಮನೆಯಲ್ಲಿ ನೀರು ಬಳಸಿದ ಹಾಗೆಯೇ ದಿನವಿಡೀ ಬಿಟ್ಟು ಬಿಟ್ಟು ನೀರು ತೆಗೆದು ಅಳೆಯುತ್ತಾರೆ. ಆ ಅಂಕಿ ಕೊಟ್ಟಿದ್ದರೆ ನಂಬಬಹುದು.

ಇದರಲ್ಲೇ ಒಂದು ಉಪಯೋಗದ ಮಾತೂ ಇದೆ. ಟೈಮರ್ ಹಾಕಿ ಮಧ್ಯಾಹ್ನ 12ರಿಂದ 4ರ ನಡುವೆ ಓಡಿಸಿ. ಟ್ಯಾಂಕಿನ ಇನ್ಸುಲೇಷನ್ ಚೆನ್ನಾಗಿದ್ದರೆ ಬೆಳಿಗ್ಗೆವರೆಗೆ ಕೆಲವೇ ಡಿಗ್ರಿ ಇಳಿಯುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ಚಾಲೂ ಮಾಡುವ ಗೀಸರಿನ ರೂಢಿ ಇಲ್ಲಿ ನಡೆಯುವುದಿಲ್ಲ. ಇದು ನಿಧಾನದ ಮಷಿನ್ನು. 200 ಲೀಟರ್ ಪೂರ್ತಿ ಕಾಯಲು ಮೂರು–ನಾಲ್ಕು ತಾಸು ಬೇಕು.

ಬಿಲ್ಲು_ಓದುವವ

ಮಾಸ್ತರ ಲೆಕ್ಕದಲ್ಲಿ ಗೃಹಜ್ಯೋತಿ ಬಿಟ್ಟುಹೋಗಿದೆ. ನಮ್ಮ ಹೆಸ್ಕಾಂ ಬಿಲ್ಲಿಗೆ ಅದೇ ಮುಖ್ಯ.

ಯೋಜನೆ ಶುರುವಾಗಿದ್ದು 2023ರಲ್ಲಿ. ನಿಮ್ಮ 2022–23ರ ಸರಾಸರಿಯ ಮೇಲೆ ಶೇಕಡಾ 10 ಸೇರಿಸಿ ನಿಮ್ಮ ಪಾಲು ಕಟ್ಟಿದ್ದಾರೆ. ಅದರ ಒಳಗಿದ್ದರೆ ಬಿಲ್ಲು ಸೊನ್ನೆ. ಪಾಲು ದಾಟಿ 200ರ ಒಳಗಿದ್ದರೆ ದಾಟಿದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ಲು ಕಟ್ಟಬೇಕು. ಈ 200ರ ಗೆರೆಯೇ ಎಲ್ಲ ಆಟ ಆಡಿಸುವುದು.

ನಿಮ್ಮದು ಎಷ್ಟು ಬರುತ್ತಿದೆ ಹೇಳಿ. ಚಳಿಗಾಲದ್ದು ಬೇರೆ, ಮಳೆಗಾಲದ್ದು ಬೇರೆ.

ಕೆಲಗೇರಿ_ಕಡೆಯವ

ಕಾಯಿಲ್ ಹಾಕದ ತಿಂಗಳು 130ರ ಆಸುಪಾಸು. ಪಾಲು 150. ಮಳೆಗಾಲದಲ್ಲಿ 290–300 ಆಗುತ್ತದೆ.

ಬಿಲ್ಲು_ಓದುವವ

ನೋಡಿ, ಸಿಕ್ಕಿತು. 295 ಯೂನಿಟ್ ಅಂದರೆ ಪೂರ್ತಿ ಬಿಲ್ಲು. ಅದರ ಮೇಲೆ ಕಿಲೋವ್ಯಾಟ್‌ಗೆ 145 ರೂಪಾಯಿಯ ಹಾಗೆ 2025–26ರ ನಿಗದಿತ ಶುಲ್ಕ. 3 ಕಿಲೋವ್ಯಾಟ್ ಮಂಜೂರಾಗಿದ್ದರೆ ಎಲ್ಲ ಸೇರಿ ಎರಡು ಸಾವಿರದ ನಾಲ್ಕುನೂರು ದಾಟುತ್ತದೆ. ಹೀಟ್ ಪಂಪ್ ಇದ್ದಿದ್ದರೆ 130 ಮತ್ತು 60, 190. 200ರ ಒಳಗೆ. ಪಾಲಿಗಿಂತ ಜಾಸ್ತಿಯಾದ 40 ಯೂನಿಟ್ಟಿನ ದುಡ್ಡು, ಮುನ್ನೂರರ ಒಳಗೆ. ಒಂದು ಮಳೆಗಾಲದ ತಿಂಗಳಲ್ಲಿ ಎರಡು ಸಾವಿರದ ಮೇಲೆ ವ್ಯತ್ಯಾಸ. 700 ಅಲ್ಲ.

ಫಿಸಿಕ್ಸ್_ಮಾಸ್ತರ

ಒಪ್ಪಿದೆ. ಆದರೆ ಆ ವ್ಯತ್ಯಾಸ ನಾಲ್ಕು ತಿಂಗಳು ಮಾತ್ರ. ಎಂಟು ಸಾವಿರ ಚಿಲ್ಲರೆ. ಉಳಿದ ಎಂಟು ತಿಂಗಳು ಸೋಲಾರ್ ತೆಗೆದು ಹೀಟ್ ಪಂಪ್ ಓಡಿಸಿದರೆ ಈಗ ಸೊನ್ನೆ ಬರುವ ಬಿಲ್ಲು ಇನ್ನೂರು–ಮುನ್ನೂರಕ್ಕೆ ಏರುತ್ತದೆ. ಎರಡನ್ನೂ ಕೂಡಿಸಿ ಕಳೆಯಿರಿ, ವರ್ಷಕ್ಕೆ ಆರು ಸಾವಿರದ ಸುತ್ತಮುತ್ತ ಉಳಿಯುತ್ತದೆ. ಲಕ್ಷ ಹಾಕಿದರೆ ಹದಿನೈದು ವರ್ಷ ಕಾಯಬೇಕು. ಮಷಿನ್ನಿನ ಆಯುಷ್ಯವೇ ಅಷ್ಟಿರುತ್ತದೆ. ಇನ್ನೊಂದು, ಯೋಜನೆ ಹದಿನೈದು ವರ್ಷವೂ ಹೀಗೇ ಇರುತ್ತದೆ ಅಂತ ನಾನಂತೂ ಲೆಕ್ಕ ಕಟ್ಟುವುದಿಲ್ಲ.

ಸಪ್ತಾಪುರ_ಪಿಜಿ

ನಮ್ಮ ಲೆಕ್ಕ ಬೇರೆ. ಕೋಚಿಂಗ್‌ಗೆ ಬಂದ ಹುಡುಗರು ನಲವತ್ತು ಜನ ಇದ್ದಾರೆ. ಗೃಹಜ್ಯೋತಿ ಮಾತೇ ಇಲ್ಲ. ಮೊದಲು ಮಹಡಿಗೊಂದರಂತೆ ಗೀಸರ್ ಇತ್ತು. ಪರೀಕ್ಷೆ ಬಂದರೆ ಎಲ್ಲರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳುತ್ತಾರೆ, ಜಗಳ. ಈಗ ದೊಡ್ಡ ಹೀಟ್ ಪಂಪ್ ಹಾಕಿ, ರಾತ್ರಿಯೊಳಗೆ ಟ್ಯಾಂಕು ತುಂಬ ಕಾಯಿಸಿ ಇಡುತ್ತೇವೆ. ಬಿಲ್ಲಿನಲ್ಲಿ ಆದ ಇಳಿಕೆ ಕಣ್ಣಿಗೆ ಕಾಣುತ್ತದೆ.

ಮಾಸ್ತರ ಸೂತ್ರವನ್ನೇ ಹಾಕಿದರೆ ನಲವತ್ತು ಜನಕ್ಕೆ ದಿನಕ್ಕೆ 28 ಯೂನಿಟ್ಟಿನಷ್ಟು ಬಿಸಿ ಬೇಕು. ಗೀಸರಾದರೆ ತಿಂಗಳಿಗೆ 900 ಯೂನಿಟ್. ಹೀಟ್ ಪಂಪಾದರೆ 300. ಹಾಸ್ಟೆಲ್ಲು, ಲಾಡ್ಜು, ನರ್ಸಿಂಗ್ ಹೋಮು, ಕಲ್ಯಾಣ ಮಂಟಪ, ಇಂಥವರು ಕಣ್ಣು ಮುಚ್ಚಿ ಹಾಕಬಹುದು. ನಾಲ್ಕು ಜನರ ಮನೆಯವರು ಕಣ್ಣು ತೆರೆದು ಹಾಕಲಿ.

ಬ್ಯಾಡಗಿ_ಖಾರ

ಜರ್ಮನಿಯಲ್ಲಿರುವ ನಮ್ಮ ಅಳಿಯ ಮನೆಗೆ ಹೀಟ್ ಪಂಪ್ ಹಾಕಿಸಿದ್ದಾನೆ. ಅವನು ಹೇಳುವುದು ಅಲ್ಲಿ ಇದರಿಂದ ಪೂರ್ತಿ ಮನೆ ಬೆಚ್ಚಗಿಡುತ್ತಾರೆ ಅಂತ. ಸರ್ಕಾರ ದುಡ್ಡೂ ಕೊಡುತ್ತದಂತೆ. ನಮಗೂ ಅದೇ ಮಷಿನ್ನಾ?

ಗೋಕುಲರೋಡ್_ಎಸಿ

ತತ್ವ ಒಂದೇ, ಮಷಿನ್ನು ಬೇರೆ. ಅಲ್ಲಿ ಹೊರಗೆ ಸೊನ್ನೆಗಿಂತ ಕೆಳಗಿದ್ದಾಗಲೂ ಓಡಬೇಕು. ಕಾಯಿಲ್ ಮೇಲೆ ಹಿಮ ಕಟ್ಟುತ್ತದೆ, ಅದನ್ನು ಕರಗಿಸುವ ಏರ್ಪಾಡು ಬೇಕು. ನಮಗೆ ಆ ತೊಂದರೆ ಇಲ್ಲ. ನಮಗೆ ಬೇಕಾಗಿದ್ದು ಸ್ನಾನದ ನೀರು, ಪಾತ್ರೆಯ ನೀರು. ಅಳಿಯಂದಿರ ಮಾತು ಕೇಳಿ ಅಲ್ಲಿಯ ಮಾಡೆಲ್ ಹುಡುಕಬೇಡಿ.

ಗ್ಯಾಸಿನ ಬಗ್ಗೆ ಮಾತ್ರ ಕೇಳಿ ತಗೊಳ್ಳಿ. ಆರ್-134ಎ ಹಳೆಯದು, ನೀರನ್ನು 60ರ ತನಕ ಸಲೀಸಾಗಿ ಒಯ್ಯುತ್ತದೆ, ಆದರೆ ಸೋರಿದರೆ ವಾತಾವರಣಕ್ಕೆ ಇಂಗಾಲದ ಡೈಆಕ್ಸೈಡಿಗಿಂತ 1,430 ಪಟ್ಟು ಬಿಸಿ ಏರಿಸುತ್ತದೆ. ಆರ್-410ಎ ಇನ್ನೂ ಕೆಟ್ಟದ್ದು, 2,088. ಆರ್-32 ಆದರೆ 675. ಆರ್-290 ಅಂದರೆ ಪ್ರೊಪೇನ್, ಬರೀ 3. ಆದರೆ ಅದು ಹೊತ್ತಿಕೊಳ್ಳುವ ಗ್ಯಾಸು. ಬಯಲಲ್ಲಿ ಇಡಬೇಕು, ತರಬೇತಿ ಆದವರೇ ಮುಟ್ಟಬೇಕು. ಇಂಥ ಗ್ಯಾಸುಗಳನ್ನು ಕಡಿಮೆ ಮಾಡುವ ಕಿಗಾಲಿ ತಿದ್ದುಪಡಿ ಅನ್ನುವ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2021ರಲ್ಲಿ ಒಪ್ಪಿದೆ, 2032ರಿಂದ ಹಳೆಯ ಗ್ಯಾಸು ಕಡಿಮೆ ಮಾಡುತ್ತಾ ಬರಬೇಕು. ಹದಿನೈದು ವರ್ಷ ಬಾಳಬೇಕಾದ ಮಷಿನ್ನು ತಗೊಳ್ಳುವಾಗ ಇದನ್ನೂ ನೋಡಬೇಕಲ್ವಾ? ಮುಂದೆ ಗ್ಯಾಸು ತುಟ್ಟಿ ಆದರೆ ಅನುಭವಿಸುವವರು ನೀವು.

ನವನಗರ_ಅಕ್ಕ

ನಾನು ಹಾಕಿಸಿದ್ದೇನೆ, 200 ಲೀಟರಿನದು. ನೀರಿನ ಬಗ್ಗೆ ದೂರಿಲ್ಲ, ಆಷಾಢದಲ್ಲೂ ಸುಡುಸುಡು ಬರುತ್ತದೆ. ದೂರು ಸರ್ವಿಸ್ಸಿನದು. ಒಂದು ಗುಡುಗು–ಮಿಂಚಿನ ರಾತ್ರಿ ಕರೆಂಟು ಹೋಗಿ ಬಂತು, ಪಿಸಿಬಿ, ಅಂದರೆ ಮಷಿನ್ನಿನ ಕಂಟ್ರೋಲ್ ಬೋರ್ಡು, ಸುಟ್ಟಿತು. ಕಂಪನಿ ಹೆಸರು ಬೇಡ. ಬೋರ್ಡು ಬೆಂಗಳೂರಿನಿಂದ ಬರಬೇಕು ಅಂದರು. ವಾರಗಟ್ಟಲೆ ಕಾಯಿಸಿದರು. ಮನೆಯಲ್ಲಿ ಹಳೇ ಗೀಸರ್ ಇನ್ನೂ ಮಾರಿರಲಿಲ್ಲ, ಬಚಾವಾದೆವು.

ಆದ್ದರಿಂದ ಹಾಕಿಸುವವರಿಗೆ ನನ್ನ ಮಾತು: ಒಳ್ಳೆಯ ಸ್ಟೆಬಿಲೈಸರ್, ಸರ್ಜ್ ಪ್ರೊಟೆಕ್ಟರ್ ಹಾಕಿ. ಅರ್ಥಿಂಗ್ ಪರೀಕ್ಷೆ ಮಾಡಿಸಿ. ಹೊರಗಿನ ಪೆಟ್ಟಿಗೆಯಲ್ಲಿ ಹಲ್ಲಿ, ಇರುವೆ ಸೇರದ ಹಾಗೆ ಸಂದು ಮುಚ್ಚಿಸಿ. ಹುಬ್ಬಳ್ಳಿಯಲ್ಲೇ ಕಂಪನಿಯ ಸರ್ವಿಸ್ ಹುಡುಗ ಇದ್ದಾನಾ, ಬೋರ್ಡು ಸ್ಟಾಕ್ ಇದೆಯಾ ಅಂತ ದುಡ್ಡು ಕೊಡುವ ಮೊದಲೇ ಕೇಳಿ. ವಾರಂಟಿ ಕಾರ್ಡಿನಲ್ಲಿ ಟ್ಯಾಂಕಿಗೆ ಬೇರೆ, ಕಂಪ್ರೆಸರಿಗೆ ಬೇರೆ, ಬೋರ್ಡಿಗೆ ಬೇರೆ ವರ್ಷ ಬರೆದಿರುತ್ತಾರೆ. ಅಂಗಡಿಯವರು ದೊಡ್ಡ ಅಂಕಿ ಮಾತ್ರ ಹೇಳುತ್ತಾರೆ.

ಬೆಟಗೇರಿ_ಮಗ್ಗ

ಅಕ್ಕಾರ, ನಿಮ್ಮಲ್ಲಿ ಮಲಪ್ರಭಾ ನೀರು. ನಮ್ಮಲ್ಲಿ ಬೋರಿನ ನೀರೇ ಗತಿ. ಗೀಸರಿನ ಕಾಯಿಲ್ ಮೇಲೆ ಬಿಳಿ ಪದರ ಸುಣ್ಣ ಬಳಿದ ಹಾಗೆ ಕೂರುತ್ತದೆ. ಹೀಟ್ ಪಂಪ್ ತಾಳುತ್ತದಾ?

ಕೇಶ್ವಾಪುರ_ಪ್ಲಂಬರ್

ಗಡಸು ನೀರಿಗೆ ಎರಡು ವಿಷಯ ನೋಡಿ. ಮೊದಲನೆಯದು, ಗ್ಯಾಸಿನ ಕೊಳವೆ ಟ್ಯಾಂಕಿನ ಹೊರಗೋಡೆಗೆ ಸುತ್ತಿದ್ದಾ, ಒಳಗೆ ನೀರಿನಲ್ಲಿ ಮುಳುಗಿದ್ದಾ ಅಂತ. ಹೊರಗೆ ಸುತ್ತಿದ್ದರೆ ಒಳ್ಳೆಯದು. ಪದರ ಕೂತರೂ ಗೋಡೆ ದೊಡ್ಡದಿರುವುದರಿಂದ ಅಷ್ಟಾಗಿ ತೊಂದರೆ ಮಾಡುವುದಿಲ್ಲ. ಒಳಗೆ ಮುಳುಗಿದ್ದರೆ ಪದರ ಕೂತ ಹಾಗೆ ಬಿಸಿ ದಾಟುವುದು ಕಡಿಮೆಯಾಗುತ್ತದೆ, ಕಂಪ್ರೆಸರ್ ಜಾಸ್ತಿ ಹೊತ್ತು ಓಡುತ್ತದೆ.

ಎರಡನೆಯದು ಆನೋಡ್ ಕಡ್ಡಿ. ಮೆಗ್ನೀಸಿಯಮ್ಮಿನ ಕಡ್ಡಿ. ಟ್ಯಾಂಕಿನ ಉಕ್ಕು ತುಕ್ಕು ಹಿಡಿಯುವ ಬದಲು ಅದು ತಾನು ಸವೆಯುತ್ತದೆ. ವರ್ಷಕ್ಕೊಮ್ಮೆ ತೆಗೆದು ನೋಡಬೇಕು, ಸವೆದಿದ್ದರೆ ಬದಲಿಸಬೇಕು. ನಮ್ಮ ಕಡೆ ಯಾರೂ ನೋಡುವುದಿಲ್ಲ. ಟ್ಯಾಂಕು ಸೋರಿದ ಮೇಲೆ ನನಗೆ ಫೋನು ಬರುತ್ತದೆ.

ನೀರು 60–65ಕ್ಕೆ ಇಟ್ಟಷ್ಟು ಪದರ ಜಾಸ್ತಿ. 50–55 ಸಾಕು. ವಾರಕ್ಕೊಮ್ಮೆ 60ಕ್ಕೆ ಏರಿಸಿ, ನಿಂತ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಬಾರದು ಅಂತ.

ಬೆಟಗೇರಿ_ಮಗ್ಗ

ಸಾಫ್ಟ್‌ನರ್ ಹಾಕಿದರೆ?

ಕೇಶ್ವಾಪುರ_ಪ್ಲಂಬರ್

ಹಾಕಬಹುದು. ಉಪ್ಪು ತುಂಬುವುದನ್ನು ಮರೆಯಬಾರದು. ಆನೋಡ್ ಮಾತ್ರ ಆಗ ಬೇಗ ಸವೆಯಬಹುದು, ಅದನ್ನು ಇನ್ನೂ ಬೇಗ ಬೇಗ ನೋಡಬೇಕು.

ಜಾಗದ ಬಗ್ಗೆ ಯಾರೂ ಮಾತಾಡಿಲ್ಲ, ನಾನೇ ಹೇಳುತ್ತೇನೆ. 200 ಲೀಟರಿನದು ನೀರು ತುಂಬಿದರೆ ಮುನ್ನೂರು ಕೆಜಿ ಹತ್ತಿರ ಹೋಗುತ್ತದೆ. ಮಾಳಮಡ್ಡಿಯ ಹಳೇ ಹಂಚಿನ ಮನೆಗಳಲ್ಲಿ ಮೇಲೆ ಏರಿಸುವ ಮಾತೇ ಬೇಡ. ಹಿತ್ತಲಲ್ಲಿ ಕಾಂಕ್ರೀಟ್ ಕಟ್ಟೆ ಮಾಡಿ ಇಡಿ. ಗಾಳಿ ಆಡುವ ಜಾಗ ಇರಬೇಕು. ಬಚ್ಚಲ ಒಳಗೋ ಸಣ್ಣ ಸ್ಟೋರ್ ರೂಮಿನಲ್ಲೋ ಇಟ್ಟರೆ ತಾನು ಬಿಟ್ಟ ತಣ್ಣನೆ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ, ಸಿಒಪಿ ಪೂರಾ ಬಿದ್ದುಹೋಗುತ್ತದೆ. ಮಲಗುವ ಕೋಣೆಯ ಕಿಟಕಿ ಹತ್ತಿರವೂ ಬೇಡ, ಸದ್ದು ಇರುತ್ತದೆ. ಪಕ್ಕದ ಮನೆಯವರ ಕಿಟಕಿಯನ್ನೂ ನೋಡಿ ಮತ್ತೆ.

ಮಳೆಗಾಲದಲ್ಲಿ ಇದರಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಸೋರಿಕೆ ಅಲ್ಲ, ಗಾಳಿಯ ತೇವ. ಅದಕ್ಕೊಂದು ಪೈಪು ಹಾಕಿ ತುಳಸಿ ಕಟ್ಟೆ ಕಡೆಯೋ ತೆಂಗಿನ ಬುಡಕ್ಕೋ ಬಿಡಿ. ಕೊಟೇಷನ್ನಿನಲ್ಲಿ ಈ ಪೈಪು ಇರುವುದಿಲ್ಲ, ಆಮೇಲೆ ಬೇರೆ ದುಡ್ಡು ಕೇಳುತ್ತಾರೆ.

ಬಿಸಿನೀರಿನ ಪೈಪಿಗೆ ಇನ್ಸುಲೇಷನ್ ಮಾಡಿಸಿ. ತಾರಸಿಯಿಂದ ಕೆಳಗಿನ ಬಚ್ಚಲಿಗೆ 15 ಮೀಟರ್ ಮುಕ್ಕಾಲಿಂಚಿನ ಪೈಪು ಇದ್ದರೆ ಅದರೊಳಗೇ ನಾಲ್ಕೈದು ಲೀಟರ್ ನೀರು ನಿಂತಿರುತ್ತದೆ. ನಳ ತಿರುಗಿಸಿದಾಗ ಮೊದಲು ಬರುವುದು ಅದೇ ತಣ್ಣೀರು. ಮನೆಯವರು ಅದನ್ನು ಚೆಲ್ಲುತ್ತಾರೆ. ದಿನಕ್ಕೆ ಏಳು ಜನ ಏಳು ಸಲ ಚೆಲ್ಲಿದರೆ ನೀವೇ ಲೆಕ್ಕ ಹಾಕಿ. ವಾರಕ್ಕೊಮ್ಮೆ ನೀರು ಬಿಡುವ ಓಣಿಯಲ್ಲಿ ಇದ್ದವರಿಗೆ ಇದು ಕರೆಂಟಿಗಿಂತ ದೊಡ್ಡ ನಷ್ಟ.

ಸತ್ತೂರು_ಹೊಸಮನೆ

ನಾವು ಹೊಸ ಮನೆ ಕಟ್ಟುತ್ತಿದ್ದೇವೆ. ಹೊಸ ಮೀಟರಿಗೆ ಗೃಹಜ್ಯೋತಿ ಪಾಲು 58 ಯೂನಿಟ್ ಅಂದರು. ಅಷ್ಟರಲ್ಲಿ ಏನೂ ಆಗುವುದಿಲ್ಲ. ಮಾಳಿಗೆ ಮೇಲೆ ಸೋಲಾರ್ ಪ್ಯಾನಲ್ ಹಾಕಿ ಅದರಿಂದ ಹೀಟ್ ಪಂಪ್ ಓಡಿಸಿದರೆ ಹೇಗೆ?

ಬಿಲ್ಲು_ಓದುವವ

ಹೊಸ ಮನೆಗೆ ಇದು ಒಳ್ಳೆಯ ಜೋಡಿ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಎರಡು ಕಿಲೋವ್ಯಾಟ್ ತನಕ ಕಿಲೋವ್ಯಾಟ್‌ಗೆ 30,000 ರೂಪಾಯಿ, ಮೂರು ಅಥವಾ ಅದಕ್ಕಿಂತ ಜಾಸ್ತಿಗೆ ಒಟ್ಟು 78,000 ರೂಪಾಯಿ ಸಬ್ಸಿಡಿ ಇದೆ. ಪ್ಯಾನಲ್ ಮಧ್ಯಾಹ್ನ ಹುಟ್ಟಿಸುವ ಕರೆಂಟನ್ನು ಹೀಟ್ ಪಂಪ್ ಮಧ್ಯಾಹ್ನವೇ ತಿನ್ನುತ್ತದೆ. ಟ್ಯಾಂಕಿನಲ್ಲಿ ಬಿಸಿನೀರು ಕೂತಿರುತ್ತದೆ, ಬ್ಯಾಟರಿ ಬೇಡ. ಅದಲ್ಲದೆ ಮಂಗ್ಯಾಗಳು ಪ್ಯಾನಲ್ ಮೇಲೆ ಕೂತರೂ ಗಾಜಿನ ಕೊಳವೆಯಷ್ಟು ಸುಲಭವಾಗಿ ಒಡೆಯುವುದಿಲ್ಲ.

ಆದರೆ ಹೊಸ ಮನೆಗೆ ಸೋಲಾರ್ ವಾಟರ್ ಹೀಟರ್ ಬೇಕೇ ಬೇಕು ಅನ್ನುವ ನಿಯಮ ಕರ್ನಾಟಕದಲ್ಲಿ ಹಳೆಯದು. ಹೀಟ್ ಪಂಪ್ ಒಂದೇ ಹಾಕಿದರೆ ಮೀಟರ್ ಕೊಡುತ್ತಾರಾ ಅಂತ ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಕೇಳಿಯೇ ಮುಂದುವರಿಯಿರಿ. ಬಾಯಿಮಾತು ಬೇಡ, ಬರೆಸಿಕೊಳ್ಳಿ.

ರಾಣೆಬೆನ್ನೂರು_ಬೀಜ

ಇಷ್ಟೆಲ್ಲ ಯಾಕೆ, ಗ್ಯಾಸ್ ಗೀಸರ್ ಹಾಕಿ. ಐದು ಸಾವಿರದಲ್ಲಿ ಮುಗಿಯುತ್ತದೆ.

ನವನಗರ_ಅಕ್ಕ

ಬೇಡ್ರಿ. ಮುಚ್ಚಿದ ಬಚ್ಚಲಲ್ಲಿ ಅದರಿಂದ ಕಾರ್ಬನ್ ಮೊನಾಕ್ಸೈಡ್ ತುಂಬಿ ಜನ ಸತ್ತ ಸುದ್ದಿ ಪ್ರತಿ ಚಳಿಗಾಲ ಓದುತ್ತೇವೆ. ಅದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ. ಹಾಕಲೇಬೇಕು ಅಂದರೆ ಹೊರಗಿನ ಗೋಡೆಗೆ ಹಾಕಿ, ಪೈಪಿನಲ್ಲಿ ನೀರು ಮಾತ್ರ ಒಳಗೆ ಬರಲಿ. ವಯಸ್ಸಾದವರು ಇರುವ ಮನೆಗೆ ನಾನಂತೂ ಹೇಳುವುದಿಲ್ಲ.

ಹಳೇಹುಬ್ಬಳ್ಳಿ_ಅಜ್ಜ

ಅಕ್ಕ ಹೇಳಿದ್ದು ಖರೆ. ನಮ್ಮ ಹಂಡೆ ಒಲೆಗೂ ಹೊಗೆಗಿಂಡಿ ಇದೆ. ಸುಮ್ನೆ ಇಟ್ಟಿಲ್ಲ ಹಿರಿಯರು.

ಕೆಲಗೇರಿ_ಕಡೆಯವ

ಎಲ್ಲ ಓದಿದೆ. ಮನೆಯಲ್ಲೂ ಮಾತಾಡಿದೆವು. ಈ ವರ್ಷ ಲಕ್ಷ ಹಾಕುವುದು ಬೇಡ ಅಂತ ಆಯಿತು. ಒಡೆದ ಕೊಳವೆ ಬದಲಿಸಿ, ಮೇಲೆ ಕಬ್ಬಿಣದ ಜಾಳಿಗೆ ಹಾಕಿಸುತ್ತೇವೆ. ಕಾಯಿಲ್ ಲೈನಿಗೆ ಬೇರೆ ಸಬ್‌ಮೀಟರ್ ಹಾಕಿಸಬೇಕು ಅಂತ ಇದೆ. ಮಾಸ್ತರ 165 ಅಂದರು, ನಮ್ಮ ಮನೆಯದು ಎಷ್ಟು ಅಂತ ಈ ಮಳೆಗಾಲದಲ್ಲಿ ಗೊತ್ತಾಗಲಿ. ತಮ್ಮನ ಸಂಸಾರ ಬೆಳಗಾವಿಯಿಂದ ಬಂದು ನಮ್ಮ ಜೊತೆಗೇ ಇರುವ ಮಾತು ನಡೆದಿದೆ. ಅವರು ಬಂದರೆ ಹನ್ನೊಂದು ಜನ. ಆಗ ಲೆಕ್ಕವೇ ಬೇರೆ.

ಫಿಸಿಕ್ಸ್_ಮಾಸ್ತರ

ಸರಿಯಾದ ದಾರಿ. ಇನ್ನೊಂದು ಕೆಲಸ ಈಗಲೇ ಮಾಡಿ. ಕಾಯಿಲ್‌ಗೆ ಟೈಮರ್ ಹಾಕಿ, ಥರ್ಮೋಸ್ಟ್ಯಾಟನ್ನು 60ರಿಂದ 50ಕ್ಕೆ ಇಳಿಸಿ. ರಾತ್ರಿಯಿಡೀ ಚಾಲೂ ಬಿಡಬೇಡಿ. ಮೋಡ ಇದ್ದರೂ ಕೊಳವೆಗಳು ಹಗಲು ನೀರನ್ನು ಒಂದಿಷ್ಟು ಬೆಚ್ಚಗೆ ಮಾಡಿರುತ್ತವೆ. ಅದಕ್ಕೇ ಕಾಯಿಲನ್ನು ಬೆಳಗಿನ ಜಾವ ಹಾಕಿ, ಹಿಂದಿನ ದಿನ ಸಂಜೆ ಬೇಡ.

ಕೇಶ್ವಾಪುರ_ಪ್ಲಂಬರ್

ಜಾಳಿಗೆಯ ನೆರಳು ಕೊಳವೆ ಮೇಲೆ ಬೀಳುತ್ತದೆ, ಕಣ್ಣು ದೊಡ್ಡದಿರುವ ಜಾಳಿಗೆ ತಗೊಳ್ಳಿ. ಹನ್ನೊಂದು ಜನ ಆಗುವುದು ಖಾತ್ರಿಯಾದರೆ ಈಗ ಪೈಪು ಬಿಚ್ಚಿದಾಗಲೇ ಹೀಟ್ ಪಂಪಿಗೆ ಒಂದು ಟೀ (ಪೈಪು ಕವಲೊಡೆಯುವ ಜೋಡಣೆ), ಎರಡು ವಾಲ್ವ್ ಬಿಟ್ಟುಬಿಡಿ. ಮುಂದೆ ಸೋಲಾರಿನ ನೀರನ್ನೇ ಅದರೊಳಗೆ ಹಾಯಿಸಿ ಕಾಯಿಸಬಹುದು, ಗೋಡೆ ಮತ್ತೆ ಒಡೆಯುವುದು ತಪ್ಪುತ್ತದೆ.

ಕೆಲಗೇರಿ_ಕಡೆಯವ

ಇದು ತಲೆಗೆ ಹೊಳೆದಿರಲಿಲ್ಲ. ಪೈಪು ಸಿಪಿವಿಸಿ ಇದೆ, ನಡೆಯುತ್ತದಾ?

ಕೇಶ್ವಾಪುರ_ಪ್ಲಂಬರ್

ನಡೆಯುತ್ತದೆ. ಬಿಸಿನೀರಿಗೆ ಅದೇ ಇರಬೇಕು. ಪಿವಿಸಿ ಮಾತ್ರ ಬೇಡ.